ಗಿರಣಿಯ ಬೂದಿ, ಮನೆಯ ಚಾವಣಿ

ಸಿಮೆಂಟಿಗೆ ದುಡ್ಡು, ಕಬ್ಬಿಣಕ್ಕೆ ದುಡ್ಡು, ಮರಳಿನದಂತೂ ಕೇಳುವುದೇ ಬೇಡ. ಎಮ್ಮಿಗನೂರಿನ ತಿಪ್ಪೇಶನಿಗೆ ಪುಕ್ಕಟೆ ಸಿಗುತ್ತಿದ್ದದ್ದು ಒಂದೇ: ತನ್ನ ಅಕ್ಕಿ ಗಿರಣಿಯಲ್ಲಿ ಹೊಟ್ಟು ಉರಿದು ಉಳಿದ ಕರಿ ಬೂದಿ. ಮರುದಿನ ಹೊಸ ಮನೆಗೆ ಚಾವಣಿ ಹಾಕಬೇಕು. ಬೂದಿಯ ಚೀಲಗಳು ಆಗಲೇ ಮಿಕ್ಸರ್ ಪಕ್ಕ ಬಂದು ಕೂತಿದ್ದವು.

ಅವನ್ನು ಕಂಡಾಗಿನಿಂದ ಹೆಂಡತಿ ಶೈಲಜಾಳಿಗೆ ತಳಮಳ. ಹೋದ ವರ್ಷ ಹಳೆ ಮನೆಯ ಬಾಗಿಲ ಮೇಲಿನ ಸಜ್ಜಾ, ಒಳಗಿನ ಕಂಬಿ ತುಕ್ಕು ಹಿಡಿದು, ಮುರಿದು ಬಿದ್ದಿತ್ತು. ಅತ್ತೆ ಮುದುಕಮ್ಮ ಆಗಷ್ಟೇ ಅದರ ಕೆಳಗಿನಿಂದ ಎದ್ದು ಹೋಗಿದ್ದಳು. ಹೊಸ ಚಾವಣಿಯ ಕೆಳಗೆ ಮಲಗುವವಳೂ ಅವಳೇ. ಶೈಲಜಾ ತಡೆಯಲಾರದೆ, ಹೊಸಪೇಟೆಯಲ್ಲಿ ಕಾಂಕ್ರೀಟ್ ಪರೀಕ್ಷಿಸುವ ಕೆಲಸದಲ್ಲಿದ್ದ ತಂಗಿ ಪೂಜಿತಾಳನ್ನು ಕರೆಸಿದಳು.

“ಮಾವಾ, ಇದೇನ್ರಿ ಇದು?” ಎಂದಳು ಪೂಜಿತಾ, ಬೂದಿಯ ಚೀಲವೊಂದನ್ನು ಬಿಚ್ಚಿ.

“ಸಿಮೆಂಟ್ ಮೂಟಿ ಮ್ಯಾಲ ಓದವ್ವ,” ಎಂದ ತಿಪ್ಪೇಶ್. “ಅದ್ರಾಗೂ ಬೂದಿನೇ ಐತಿ. ಕಂಪನಿಯವ್ರು ಹಾಕಿದ್ರ ಚಲೋ, ನಾ ಹಾಕಿದ್ರ ಕೆಟ್ಟದ್ದಾ?”

“ಅವ್ರು ಪರೀಕ್ಷೆ ಮಾಡಿದ ನುಣ್ಣನೆ ಬೂದೀನ ಅಳತಿ ಪ್ರಕಾರ ಹಾಕ್ತಾರ್ರಿ. ಅದು ಕಾಂಕ್ರೀಟಿನ ಸಣ್ಣ ಸಣ್ಣ ತೂತು ಮುಚ್ಚತೈತಿ. ನೀರು ಜಲ್ದಿ ಕಂಬಿಗೆ ಮುಟ್ಟಂಗಿಲ್ಲ, ಭಾಳ ವರ್ಷ ಬಾಳಿಕಿ ಬರ್ತೈತಿ. ನಿಮ್ದು ಅರ್ಧಂಬರ್ಧ ಸುಟ್ಟ ಹೊಟ್ಟು. ನೀರು ಕುಡಿಯೋದೇ ಅದ್ರ ಕೆಲ್ಸ.”

“ಹೋದ ತಿಂಗಳು ಇದೇ ಬೂದಿ ಹಾಕಿ ಎಮ್ಮಿಗೆ ನೀರಿನ ತೊಟ್ಟಿ ಮಾಡೀನಿ. ಕಲ್ಲಾಗೈತಿ, ನೋಡ್ ಬಾ!”

ಪೂಜಿತಾ ಸ್ಕೂಟರಿನ ಕೀಲಿಯಿಂದ ತೊಟ್ಟಿಯ ಅಂಚನ್ನು ಕೆರೆದಳು. ಪುಡಿಪುಡಿಯಾಗಿ ಉದುರಿತು. ಹೊರಮೈ ಮುಟ್ಟಿದರೆ ಒದ್ದೆ.

“ಲೇ ತಿಪ್ಪೇಶಾ,” ಎಂದಳು ಮುದುಕಮ್ಮ, “ಎಮ್ಮಿ ತೊಟ್ಟಿಗೆ ಬಾಯಿ ಇಡತೈತಿ. ನಾ ಚಾವಣಿ ಕೆಳಗ ತಲಿ ಇಡಬೇಕಪ್ಪ.”

ತಿಪ್ಪೇಶ್ ಬೂದಿಯ ಚೀಲಗಳನ್ನು ತಾನೇ ಹೊತ್ತು ಹೊರಗೆ ಹಾಕಿದ.

“ಕಂಪನಿ ಬೂದಿ ಇರೋ ಈ ಸಿಮೆಂಟ್ ನಿಧಾನಕ್ಕ ಗಟ್ಟಿ ಆಗತೈತ್ರಿ,” ಎಂದಳು ಪೂಜಿತಾ. “ಎರಡು ವಾರ ಒಣಗಾಕ ಬಿಡಬ್ಯಾಡ್ರಿ. ಇಂಜಿನಿಯರ್ ಹೇಳೋತನ ಕೆಳಗಿನ ಸೆಂಟ್ರಿಂಗ್ ಹಲಗಿ ಬಿಚ್ಚಬ್ಯಾಡ್ರಿ.”

ಚಾವಣಿ ಹಾಕಿದ ಮೇಲೆ, ಭತ್ತದ ಗದ್ದೆಯಲ್ಲಿ ಜೀವ ಸವೆಸಿದ ಮುದುಕಮ್ಮ ಅದರ ಮೇಲೂ ಸಣ್ಣ ಬದು ಕಟ್ಟಿಸಿ ನೀರು ನಿಲ್ಲಿಸಿದಳು. “ಆ ಮೂಲಿ ಒಣಗೇತಿ ನೋಡಲೇ!” ಎಂದು ಕೆಳಗಿನಿಂದಲೇ ಮಗನನ್ನು ಗದರುವಳು.

ಮೊದಲ ದೊಡ್ಡ ಮಳೆಗೆ ಶೈಲಜಾ ಕತ್ತೆತ್ತಿ ಚಾವಣಿಯನ್ನೇ ನೋಡುತ್ತ ಕೂತಳು. ಒಂದು ಹನಿಯೂ ಇಳಿಯಲಿಲ್ಲ.

ನೀವೂ ಮನೆ ಕಟ್ಟುತ್ತಿದ್ದೀರಾ? ವಿದ್ಯುತ್ ಸ್ಥಾವರದ ಹಾರುಬೂದಿ, ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕಿಟ್ಟ) ಬೆರೆತ ಸಿಮೆಂಟಿಗೆ ಹೆದರಬೇಡಿ. ಐಎಸ್‌ಐ ಗುರುತು ನೋಡಿ ಕೊಳ್ಳಿ, ಹಾಕಿದ ಕಾಂಕ್ರೀಟಿಗೆ ಎರಡು ವಾರ ತಪ್ಪದೆ ನೀರುಣಿಸಿ. ಆದರೆ ಒಲೆಯ, ಗಿರಣಿಯ ಬೂದಿಯನ್ನು ನೀವಾಗಿ ಬೆರೆಸಬೇಡಿ. ತಿಪ್ಪೇಶ್ ಕಳೆದುಕೊಂಡದ್ದು ಒಂದು ತೊಟ್ಟಿ. ಅವನ ತಾಯಿ ಚಾವಣಿಯ ಕೆಳಗೆ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾಳೆ.