ಬಟ್ಟೆತೋಳಿನ ಹಿಟ್ಟು

ಬಿಳಿ, ಅಲ್ಲಿ, ಹಿಟ್ಟಿನ ಮಿಷನ್ನಿಗೆ ಕಟ್ಟಿದ ಬಟ್ಟೆತೋಳಿನ ಬಾಯಲ್ಲಿ ಬಿಳಿ ಉದುರುತ್ತಿದೆ, ಹೊನ್ನಕ್ಕ ಕಣ್ಣು ಕಿರಿದು ಮಾಡಿ ನೋಡಿದಳು, ಮುಂದೆ ನಿಂತವಳದು ಗೋಧಿ, ಸೊಸೈಟಿಯಲ್ಲಿ ರೇಷನ್ನಿಗೆ ಕೊಡುವ ಅಮೆರಿಕದ ಗೋಧಿ, ಈಗ ಚನ್ನರಾಯಪಟ್ಟಣದಲ್ಲಿ ಎಲ್ಲರ ಬುಟ್ಟಿಯಲ್ಲೂ ಅದೇ, ರಾಗಿ ಹೊತ್ತು ತರುವವಳು ಹೊನ್ನಕ್ಕ ಒಬ್ಬಳೇ — ಸಂತೆಯಲ್ಲಿ ಬುಟ್ಟಿ ಗೋಧಿ ಸುರಿದರೆ ಮೊರದಷ್ಟು ರಾಗಿ, ಅದರಲ್ಲೂ ಕಲ್ಲು, ಯಾಕಜ್ಜಿ ಬಿಳೀದು ಬುಟ್ಟು ಕರೀದಕ್ ಬೀಳ್ತೀಯಾ ಅಂತ ವ್ಯಾಪಾರಿ ನಗುತ್ತಾನೆ, ನಗಲಿ, ಅವನ ಮನೆಯ ಕೂಸಿನ ಹೊಟ್ಟೆ ಗುಡಾಣವಾಗಿ ಕೈಕಾಲು ಕಡ್ಡಿಯಾಗಿಲ್ಲವಲ್ಲ. ಹಾಸನದ ಡಾಕ್ಟರು ಮೊಮ್ಮಗಳು ನೀಲಾಂಬಿಕೆಯ ಕಣ್ಣರೆಪ್ಪೆ ಎಳೆದು ನೋಡಿ ಹೇಳಿದ್ದರು, ಈ ಮಗುವಿನ ಕರುಳಿಗೆ ಗೋಧಿ ಆಗದು ಅಜ್ಜಿ, ಚಿಟಿಕೆಯೂ ಬೇಡ, ಹೀಗೇ ಬಿಟ್ಟರೆ ಉಳಿಯೋದು ಕಷ್ಟ, ರಾಗಿ ಕೊಡಿ, ಅಕ್ಕಿ ಕೊಡಿ — ಕೊಡಿ ಅನ್ನುವುದು ಸಲೀಸು, ಸೊಸೈಟಿಯವನು ಗೋಧಿ ಬೇಕಾದ್ರೆ ತಗೊ, ಇಲ್ದಿದ್ರೆ ದಾರಿ ಬುಡು ಅನ್ನುತ್ತಾನೆ. ಮನೆಯ ಬೀಸುವ ಕಲ್ಲಿನ ರಾಗಿ ತಿಂದು ಕೂಸು ಚೇತರಿಸಿಕೊಂಡಿತ್ತು, ಅಂಗಳದಲ್ಲಿ ಕುಂಟಾಬಿಲ್ಲೆ ಆಡಿತ್ತು, ಅಷ್ಟರಲ್ಲಿ ಸೊಸೆ ಮಲ್ಲಿಗಮ್ಮ ಮತ್ತೆ ಬಸುರಿ, ಬೀಸೋದು ಬ್ಯಾಡ ಕಣವ್ವ, ನಾನೇ ಮಿಷನ್ನಿಗೆ ಓಯ್ತೀನಿ ಅಂದಳು ಹೊನ್ನಕ್ಕ, ಆಮೇಲೆ ಮತ್ತೆ ಭೇದಿ, ಮತ್ತೆ ಗುಡಾಣ. ಯಾರೋ ಕದ್ದು ಗೋಧಿ ಕೊಡುತ್ತಿದ್ದಾರೆ, ಯಾರು, ಸೊಸೆಯೇ, ಅವಳ ಮನಸ್ಸು ಮೆತ್ತಗೆ, ಕೂಸು ಚಪಾತಿ ಕೇಳಿದರೆ ಇಲ್ಲ ಅನ್ನಲಾರಳು, ಹೊನ್ನಕ್ಕ ಗೋಧಿಯ ಡಬ್ಬಕ್ಕೆ ಬೀಗ ಹಾಕಿದಳು, ಕೂಸಿನ ಬಾಯಿ ಮೂಸಿದಳು, ಬಾಗಿಲ ಸಂದಿಯಲ್ಲಿ ನಿಂತು ಸೊಸೆಯ ಕೈ ಕಾದಳು, ಮುದ್ದೆ ತಿರುವುತ್ತಾ ಅವಳು ಅಳುತ್ತಿದ್ದಳು, ನಾನ್ಯಾಕ್ ಕೊಡ್ಲಿ ಅತ್ತೆ, ನಾನೇ ಎತ್ತ ಕೂಸಲ್ವಾ — ಅಳುವವರನ್ನು ಹೊನ್ನಕ್ಕ ಬೇಕಾದಷ್ಟು ಕಂಡಿದ್ದಾಳೆ, ಕದ್ದವರೂ ಅಳುತ್ತಾರೆ. ಇಲ್ಲವೇ ಈ ಮಿಷನ್ನಿನ ನಂಜಪ್ಪ, ರಾಗಿಹಿಟ್ಟು ತೆಗೆದಿಟ್ಟುಕೊಂಡು ಗೋಧಿಹಿಟ್ಟು ಬೆರೆಸುತ್ತಾನೋ, ಅದಕ್ಕೇ ಇವತ್ತು ಅವನ ಕೈಯ ಮೇಲೇ ಕಣ್ಣು, ಏನ್ ಹೊನ್ನಕ್ಕಾ ಅಂಗ್ ದುರುಗುಟ್ಕಂಡ್ ನೋಡ್ತೀಯಾ, ನಂಗೇನ್ ಎಣ್ಣು ಕೊಡೋಕ್ ಬಂದಿದ್ದೀಯಾ ಅಂದ ಅವನು, ಕೊಡ್ತೀನಿ ತಡಿಯಲಾ ಅಂದಳು ಇವಳು, ಮೊದ್ಲು ಆ ಮೀಸೇಲಿರೋ ಹಿಟ್ಟು ಒದರ್ಕೊ.

ಮುಂದೆ ನಿಂತಿದ್ದ ಗೋಧಿಯವಳು ಬುಟ್ಟಿ ಎತ್ತಿಕೊಂಡು ಹೊರಟಳು, ಬಟ್ಟೆತೋಳು ಒದರಲಿಲ್ಲ, ಹೊಸಬಳು, ಎಷ್ಟು ಹಿಟ್ಟು ಒಳಗೇ ಬಿಟ್ಟಳೋ, ಹೊನ್ನಕ್ಕ ಅಂಥ ದಡ್ಡಿಯಲ್ಲ, ರಾಗಿ ನಂಜಪ್ಪನಿಗೆ ಕೊಟ್ಟು ಖಾಲಿ ಬುಟ್ಟಿ ತೋಳಿನ ಕೆಳಗಿಟ್ಟು, ಬೀಸುವ ಮುಂಚೆಯೇ ತೋಳು ಬಡಿದರೆ ಹಿಂದಿನವರ ಹಿಡಿ ಹಿಟ್ಟು ಪುಕ್ಕಟೆ, ಊರೆಲ್ಲ ರಾಗಿ ಬೀಸಿಸುತ್ತಿದ್ದ ಕಾಲದಿಂದಲೂ ಇದು ಅವಳ ಚಾಲಾಕಿ, ಮೇಲೆ ತನ್ನ ಹಿಟ್ಟು ಸುರಿದರೆ ಎಲ್ಲ ಒಂದೇ, ಬಡಿ ಬಡಿ ಹೊನ್ನಕ್ಕ, ನಿನ್ ಮಾಮೂಲು ವಸೂಲ್ ಮಾಡ್ಕ ಅಂದ ನಂಜಪ್ಪ, ಕೈ ತಾನಾಗಿ ಎದ್ದಿತು, ಒಂದು ಏಟು — ಬುಟ್ಟಿಯ ತಳಕ್ಕೆ ಬಿಳಿ, ಗೋಧಿಹಿಟ್ಟು. ಎರಡನೇ ಏಟಿಗೆ ಎತ್ತಿದ ಕೈ ಎತ್ತಿದಂತೆಯೇ, ಹೋದ ವಾರವೂ, ಅದರ ಹಿಂದಿನ ವಾರವೂ, ಕೂಸಿನ ರಾಗಿಗೆ ಇದನ್ನು ಬೆರೆಸಿದ್ದು ಇದೇ ಅಂಗೈ, ಮಲ್ಲಿಗಮ್ಮನದಲ್ಲ, ನಂಜಪ್ಪನದಲ್ಲ, ರಾಗಿ ಉಯ್ಯಲಾ ಹೊನ್ನಕ್ಕಾ, ಉಯ್ಯಲಾ ಅಂತ ಅವನು ಕೇಳುತ್ತಲೇ ಇದ್ದಾನೆ — ಬಟ್ಟೆತೋಳಿನ ಬಾಯಿಂದ ಇನ್ನೂ ಉದುರುತ್ತಿದೆ, ಸಣ್ಣಗೆ, ಬಿಳಿ, ಬಿಳಿ —