ಮುಸರತಳ ಎಂಟು ದಿನ

ರಾಣೆಬೆನ್ನೂರಿನ ಸುಭಾಷ ಗಿರಾಕಿಗಳ ಲೆಕ್ಕಪತ್ರ ಕಾಯುವ ತನ್ನ ಸರ್ವರ್ ಕಂಪ್ಯೂಟರನ್ನು ಅಳಿಯನಂತೆ ಸಾಕಿದ್ದ. ಅದಕ್ಕೆ ಎಸಿ ಕೋಣೆ, ತನಗೆ ಗರಗರ ಅನ್ನುವ ಫ್ಯಾನು. ಆ ಒಂದೇ ಯಂತ್ರದೊಳಗೆ ಹನ್ನೆರಡು ಕಂಟೇನರ್‌ಗಳಿದ್ದವು, ಅಂದರೆ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಬೀಗದ ಕೋಣೆ ಇದ್ದ ಹಾಗೆ. ಎಲ್ಲ ತನ್ನ ತಲೆಯಲ್ಲಿರುತ್ತದೆಂಬ ಧೈರ್ಯದಿಂದ ಅವಕ್ಕೆ ಹೆಸರಿಡದೆ ಬರೀ ನಂಬರು ಕೊಟ್ಟಿದ್ದ.

2008ರ ಸೆಪ್ಟೆಂಬರಿನಲ್ಲಿ ಮೆಮರಿ ಸಾಲದೆ ಯಂತ್ರ ಏದುಸಿರು ಬಿಡತೊಡಗಿತು. ಮುಂದಿನ ಸೋಮವಾರ ಹಾವೇರಿಯ ಹೊಸ ಗಿರಾಕಿಗೆ ಜಾಗ ಕೊಡಲೇಬೇಕಿತ್ತು.

ಬ್ಯಾಡಗಿಯಿಂದ ದಿನಾ ಬಸ್ಸಿಗೆ ಕೆಲಸಕ್ಕೆ ಬರುವ ಹುಡುಗಿ ಮುಸರತ ಹುಡುಕಿ ಹೇಳಿದಳು: "ಸರ್, ಒಂದೆರಡು ತಿಂಗಳಾತು, ಎರಡು ಕಂಟೇನರ್ ಯಾರೂ ತಗದು ನೋಡಿಲ್ರಿ. ಒಂದನೇದು, ಏಳನೇದು."

"ಒಂದು ನಂದ, ಮುಟ್ಟಬ್ಯಾಡ. ನಾ ಮೊದಲ ಬರದ ಪ್ರೋಗ್ರಾಮ್ ಅದರಾಗೈತಿ. ಏಳು ಯಾರದೋ ಏನೋ, ತಗದು ಒಗಿ."

ಸಂಜೆಯ ಹೊತ್ತಿಗೆ ಯಂತ್ರ ಹಗುರಾಯಿತು. ಸುಭಾಷ ಆ ಮಾತನ್ನೇ ಮರೆತ.

ಶನಿವಾರ ಕುಪ್ಪೇಲೂರಿನ ಪ್ರಭುಲಿಂಗಪ್ಪ ಧಾವಿಸಿ ಬಂದರು. ಗಂಡು-ಹೆಣ್ಣು ತಳಿಯ ಹೂ ಕೂಡಿಸಿ ನೂರಾರು ರೈತರಿಂದ ಹೈಬ್ರಿಡ್ ಹತ್ತಿಬೀಜ ಮಾಡಿಸುವವರು. "ಏನ್ ಮಾಡಿಟ್ಟೀಯೋ ತಮ್ಮಾ? ನಾಳಿಂದ ಕ್ರಾಸಿಂಗ್ ಚಾಲೂ. ಯಾರ ಹೊಲದಾಗ ಯಾವ ಗಂಡು, ಯಾವ ಹೆಣ್ಣು ಹಾಕೇವಿ ಅನ್ನೋದೆಲ್ಲ ನಿನ್ನ ಸರ್ವರದಾಗೈತಿ. ತೆರೀವಲ್ದು!"

ಸುಭಾಷನಿಗೆ ಆಗ ನೆನಪಾಯಿತು. ಏಳನೆಯದು! ಬಿತ್ತುವಾಗ ಬರೆದಿಟ್ಟರೆ, ಮತ್ತೆ ಹತ್ತಿ ಹೂವಾದಾಗ ಮಾತ್ರ ತೆರೆಯುವಂಥದ್ದು. ಬೀಜಕ್ಕೆ ಹೆಸರಾದ ಊರಿನಲ್ಲೇ ಹುಟ್ಟಿ ಬೆಳೆದ ತನಗೆ ಇಷ್ಟೂ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಪ್ರಭುಲಿಂಗಪ್ಪನವರ ಮುಖ ನೋಡುವ ಧೈರ್ಯವೂ ಉಳಿಯಲಿಲ್ಲ.

ಮುಸರತ ಕುಳಿತು ಒಂದು ಸಾಲು ಟೈಪ್ ಮಾಡಿದಳು. "ಈಗ ನೋಡ್ರಿ ಕಾಕಾ."

ತೆರೆಯಿತು. ಎಲ್ಲ ಹೊಲಗಳೂ, ಎಲ್ಲ ಹೆಸರುಗಳೂ ಇದ್ದಲ್ಲೇ ಇದ್ದವು. ಪ್ರಭುಲಿಂಗಪ್ಪ ಅವಳಿಗೆ ಕೈಮುಗಿದು ಹೋದರು.

"ನಾ ತಗದು ಒಗಿ ಅಂದಿದ್ನಲ್ಲ?" ಸುಭಾಷನ ದನಿ ಸಣ್ಣದಾಗಿತ್ತು.

"ಅಳಿಸಿಲ್ರಿ, ನಿಲ್ಲಿಸಿದ್ದೆ ಅಷ್ಟ ಸರ್. ನಿಲ್ಲಿಸಿದ್ರೂ ಮೆಮರಿ ಸಿಗತೈತಲ್ರಿ. ಎಂಟು ದಿನ ಯಾರೂ ಕೇಳ್ಕೊಂಡು ಬರಲಿಲ್ಲಂದ್ರ ತಗೀತೇನಿ. ನಮ್ಮಮ್ಮಿ ಡಬ್ಬಿ ತೊಳಿಯೋಕಿಂತ ಮೊದಲ ಮುಚ್ಚಳ ತಗದು ಮೂಸಿ ನೋಡ್ತಾಳ, ಹಂಗ."

ತಾನು ಹತ್ತು ವರ್ಷದಲ್ಲಿ ಕಲಿಯದ್ದನ್ನು ಈ ಹುಡುಗಿ ಅಡುಗೆಮನೆಯಿಂದಲೇ ಕಲಿತು ಬಂದಿದ್ದಾಳೆ ಅನ್ನಿಸಿ ಸುಭಾಷನಿಗೆ ನಿಜಕ್ಕೂ ಹೆಮ್ಮೆಯಾಯಿತು. ಆದರೆ ಏಳನೆಯದು ಎದ್ದು ಕೂತ ಕೂಡಲೇ ಯಂತ್ರ ಮತ್ತೆ ಏದುಸಿರು ಬಿಡುತ್ತಿತ್ತು. ಸೋಮವಾರಕ್ಕೆ ಇನ್ನು ಒಂದೇ ದಿನ.

ಅವನು ಪರದೆಯ ಮೇಲಿನ ನಂಬರುಗಳ ಪಟ್ಟಿಯನ್ನು ಮೊದಲಿಂದ ಓದಿದ.

"ಒಂದನೇದು ತಗದು ಒಗಿ. ನಾಕು ವರ್ಷಾತು, ನಾನ ಅದರ ಕಡೆ ಹೊಳ್ಳಿ ನೋಡಿಲ್ಲ."

ಮುಸರತ ಕೀಬೋರ್ಡಿಗೆ ಕೈ ಹಚ್ಚಿದಳು.

"ನಿಲ್ಲಸ್ತೇನಿ ಸರ್," ಎಂದಳು. "ನಿಮಗೂ ಎಂಟು ದಿನ ಟೈಮ್ ಐತ್ರಿ."