ನಮ್ಮವರು ಇಳಿಸಿದ ಮನೆಯ ಬೆಲೆ

ನನ್ನ ಗಂಡ ಮಧ್ವೇಶರಿಗೆ ಒಂದು ಚಟ. ನಮ್ಮದೇನನ್ನಾದರೂ ಯಾರಾದರೂ ಚೆನ್ನಾಗಿದೆ ಅಂದರೆ ಸಾಕು, ದೃಷ್ಟಿ ತಾಕೀತೆಂದು ತಕ್ಷಣ ಅದರಲ್ಲೊಂದು ಕೊರತೆ ಹುಡುಕಿ ಹೇಳುತ್ತಾರೆ. ಧಾರವಾಡದ ಅವರ ಮನೆತನದಲ್ಲಿ ಎಲ್ಲರೂ ಹೀಗೇ. ಮಗಳಿಗೆ ತೊಂಬತ್ತೈದು ಬಂದರೂ, “ಅಕ್ಷರ ನೋಡಬೇಕ್ರಿ, ಕಾಗಿ ಕಾಲು” ಅನ್ನುವ ಮನುಷ್ಯ.

ನನಗೆ ಬೇಕಾಗಿದ್ದು ಸ್ವಂತ ಫಿಸಿಯೋಥೆರಪಿ ಕ್ಲಿನಿಕ್. ಹನ್ನೆರಡು ವರ್ಷ ಬೇರೆಯವರ ಆಸ್ಪತ್ರೆಯಲ್ಲಿ ಮಂದಿಯ ಮೊಣಕಾಲು ಮಡಚಿಸಿ ಸಾಕಾಗಿತ್ತು. ನಾವೀಗ ಇರುವ ಮರಾಠಿ ಊರಿನಲ್ಲೇ, ಸ್ವಾರಗೇಟ್ ಹತ್ತಿರ ಒಂದು ಜಾಗ ನೋಡಿದ್ದೆ. ಇಪ್ಪತ್ತೈದು ಲಕ್ಷ ಬೇಕಿತ್ತು. ಮಧ್ವೇಶರನ್ನು ಕೂರಿಸಿಕೊಂಡು ಲೆಕ್ಕ ಹೇಳಿದೆ.

“ನಮ್ಮ ಫ್ಲ್ಯಾಟಿಗೆ ಎಂಬತ್ತು ಲಕ್ಷ ಬರತದ. ಸಾಲ ಉಳಿದದ್ದು ಹದಿನೈದು. ನಡುವಿನ ಅರವತ್ತೈದು ನಮ್ದು, ಸುಮ್ಮನ ಗ್ವಾಡ್ಯಾಗ ಕುಂತದ. ಬೆಲಿ ನೂರಕ್ಕ ಅರವತ್ತರ ತನಕ ಬ್ಯಾಂಕಿನವರು ಸಾಲ ಕೊಡತಾರ್ರಿ, ಹಳೇದು ಅದರಾಗ ಕಳೀಬೇಕು.”

“ಕಂತು ತಪ್ಪಿದ್ರ?”

“ಮನಿ ಹೋಗತದ. ಅದಕ್ಕ ಕೊಟ್ಟಷ್ಟೂ ತಗೊಳ್ಳೂದಿಲ್ಲ, ಬೇಕಾದಷ್ಟ ತಗೋತೀನಿ.”

ಒಪ್ಪಿದರು. ಮನೆಯ ಬೆಲೆ ಕಟ್ಟಲು ಬ್ಯಾಂಕಿನ ಕಡೆಯವನು ಬಂದ ದಿನ ನಾನು ಡ್ಯೂಟಿಯಲ್ಲಿದ್ದೆ, ಅದೇ ತಪ್ಪಾಯಿತು. ಆತ ಮನೆ ನೋಡಿ ಬಾಯ್ತುಂಬ “ಛಾನ್ ಆಹೆ”, ಚೆನ್ನಾಗಿದೆ, ಅಂದನಂತೆ. ಇವರು ಮಳೆಗಾಲದಲ್ಲಿ ಬಚ್ಚಲು ಸೋರುತ್ತದೆ, ಬೇಸಿಗೆಯಲ್ಲಿ ನೀರಿಲ್ಲ, ಲಿಫ್ಟು ಕೈಕೊಡುತ್ತದೆ ಎಂದು ಇಲ್ಲದ ಕೊರತೆಗಳನ್ನೆಲ್ಲ ಹೇಳಿಬಿಟ್ಟರು. ಬೆಲೆ ಐವತ್ತೈದಕ್ಕೆ ಇಳಿಯಿತು. ಹಳೆ ಸಾಲ ಕಳೆದರೆ ಕೈಗೆ ಸಿಗುವುದು ಹದಿನೆಂಟೇ ಲಕ್ಷ.

ನನ್ನ ಮೈಯೆಲ್ಲ ಉರಿದುಹೋಯಿತು. “ಸೊಸೈಟಿ ಮಂದಿ ಮುಂದ ಹೇಳ್ಕೋರಿ ಕೊರತಿ, ಬ್ಯಾಂಕಿನವರ ಮುಂದ್ಯಾಕ? ನನ್ನ ಕ್ಲಿನಿಕ್ ನುಂಗಿ ನೀರು ಕುಡದ್ರಿ!” ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರೇ ಹೋಗಿ ಇನ್ನೊಂದು ಬ್ಯಾಂಕಿಗೆ ಅರ್ಜಿ ಹಾಕಿ ಬಂದರು.

ಈ ಸಲ ಬೆಲೆ ಕಟ್ಟಲು ಬಂದವನು ಬಾಳು, ಬೆಳಗಾವಿಯವನು. ಕೋಣೆ ಕೋಣೆ ಅಳೆದು, “ಮನಿ ಭಾಳ ಛಂದ ಇಟ್ಟೀರಿ” ಅಂದ. ಮಧ್ವೇಶರು ಬಾಯಿ ತೆರೆದರು. ನಾನು ಕಣ್ಣು ಕೆಕ್ಕರಿಸಿದೆ. ಅವರ ಹಣೆಯ ಮೇಲೆ ಬೆವರು.

“ಹೌದ್ರಿ. ಒಂದ ಹನಿ ಸೋರಂಗಿಲ್ಲ,” ಅಂದರು ಕಷ್ಟಪಟ್ಟು. ಆಮೇಲೆ ಯಾರೂ ಕೇಳದಿದ್ದರೂ, “ಇಕಿ ಸುದ್ದಾ ಭಾಳ ಹುಷಾರ್ರಿ. ಮಂದಿ ಹೆಸರು ಕೇಳಿ ಹುಡುಕ್ಕೊಂಡು ಬರತಾರ ಇಕಿನ್ನ. ಕ್ಲಿನಿಕ್ ನಡದ ನಡೀತದ,” ಅಂದರು.

ಬಾಳು ಅದನ್ನು ಬರೆದುಕೊಳ್ಳಲಿಲ್ಲ; ಅವನ ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ವಾರದೊಳಗೆ ಇಪ್ಪತ್ತೈದು ಲಕ್ಷ ಮಂಜೂರಾಯಿತು. ಆದರೆ ಅವರು ಆ ಮಾತು ಆಡಿದ ಹೊತ್ತಿನಲ್ಲಿ ನನಗೆ ಸಾಲದ ನೆನಪೇ ಇರಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಚಹಾ ತರುತ್ತೇನೆಂದು ಒಳಗೆ ಹೋಗಿ, ಒಲೆ ಹಚ್ಚುವುದನ್ನೂ ಮರೆತು ಅತ್ತುಬಿಟ್ಟೆ.